ಹನ್ನೆರಡು ಇಂಚಿನ ತಾಳ

ಅಂಗಡಿಯಲ್ಲಿ ಚಿಕ್ಕವೂ ಇದ್ದವು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಕೊನೆಗೆ ಬರೆಯೋಣ ಅಂತ ಇಟ್ಟುಕೊಂಡರೆ ನಾನು ಬರೆಯದೇ ಎದ್ದು ಹೋಗುವ ಆಸಾಮಿ. ಹನ್ನೆರಡು ಇಂಚಿನವು, ಹದಿಮೂರರವು, ಹದಿನಾಲ್ಕರವು, ಹದಿನೈದರವು, ಎಲ್ಲ ಗಾಜಿನ ಕಪಾಟಿನಲ್ಲಿ ಒಂದರ ಪಕ್ಕ ಒಂದು ನಿಂತಿದ್ದವು. ನಾನು ದುರ್ಗಕ್ಕೆ ವಾಪಸ್ಸು ಬಂದು, ದೊಡ್ಡವು ಬಿಟ್ಟರೆ ಬೇರೆ ಇರಲಿಲ್ಲ ಅಂದೆ. ಎಲ್ಲರೂ ನಂಬಿದರು. ಮುಖ್ಯವಾಗಿ ಯಾರಿಗೆ ಆ ಸುಳ್ಳು ಹೇಳಿದೆನೋ ಆತ ಈಗ ಇಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಚಿತ್ರದುರ್ಗದ ಒಂದು ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಚೀಲಗಳ ತೂಕ ನೋಡುವ ಗುಮಾಸ್ತನಾಗಿದ್ದೆ. ನಮ್ಮೂರು ಐಮಂಗಲದಿಂದ ಒಳಗೆ, ಕುರಿ ಸಾಕುವ ಮನೆತನ. ಹಬ್ಬಕ್ಕೆ ಡೊಳ್ಳು ಹೊಡೆದು ಅಭ್ಯಾಸವಿದ್ದ ಕೈ ಆದ್ದರಿಂದ ದುರ್ಗದ ಆರ್ಕೆಸ್ಟ್ರಾದ ಮಾಸ್ಟರು ನನ್ನನ್ನು ಡ್ರಮ್ಮಿನ ಮುಂದೆ ಕೂರಿಸಿದ್ದರು. ಮಾಸ್ಟರು ಅಂದರೆ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಅವರೇ ಅಕಾರ್ಡಿಯನ್ ನುಡಿಸುತ್ತಿದ್ದರು, ಅವರೇ ನಮ್ಮ ಯಜಮಾನರು. ಮದುವೆ, ಗಣಪತಿ, ಸಂಘದ ವಾರ್ಷಿಕೋತ್ಸವ, ಯಾವುದಕ್ಕೆ ಕರೆದರೂ ಹೋಗಿ ಸಿನಿಮಾ ಹಾಡು ಹಾಡಿ ಬರುವುದು ನಮ್ಮ ಕೆಲಸ.

ಹಾಡುವವರಲ್ಲಿ ಹೆಂಗಸರು ಇರಲಿಲ್ಲ. ಆಗ ನಮ್ಮ ಕಡೆ ಯಾರೂ ಹೆಣ್ಣುಮಕ್ಕಳನ್ನು ಸ್ಟೇಜಿಗೆ ಕಳಿಸುತ್ತಿರಲಿಲ್ಲ. ಅದಕ್ಕೆ ಹೆಣ್ಣಿನ ಹಾಡನ್ನು ಒಬ್ಬ ಗಂಡಸು ಹಾಡುತ್ತಿದ್ದ. ಹೊಳಲ್ಕೆರೆ ಕಡೆಯವನು, ಕಸುಬಿನಲ್ಲಿ ದರ್ಜಿ. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವನು. ಕಪ್ಪಗೆ, ಎತ್ತರಕ್ಕೆ, ಮುಖದ ತುಂಬ ಮೀಸೆ ಇಟ್ಟುಕೊಂಡು ಮೈಕಿನ ಮುಂದೆ ನಿಂತು ಬಾಯಿ ತೆರೆದರೆ ಹದಿನೆಂಟರ ಹುಡುಗಿಯ ದನಿ ಬರುತ್ತಿತ್ತು. ಅಣಕಿಸುವ ದನಿಯಲ್ಲ, ನಾಟಕದ ದನಿಯೂ ಅಲ್ಲ. ಸಣ್ಣ ನೂಲಿನ ಹಾಗೆ ನೇರವಾಗಿ, ನಡುಗದೆ ಬರುತ್ತಿತ್ತು. ಹಿಂದೆ ಕುಳಿತ ಹೆಂಗಸರು ಎದ್ದು ನಿಂತು ಹಾಡುವವಳು ಎಲ್ಲಿದ್ದಾಳೆ ಅಂತ ಹುಡುಕುತ್ತಿದ್ದರು.

ನಾವಿಬ್ಬರೂ ಒಂದೇ ರೂಮಿನಲ್ಲಿದ್ದೆವು. ಕೋಟೆ ಬೆಟ್ಟದ ಬುಡದಲ್ಲಿ, ಒಂದು ಕಲ್ಲು ಚಪ್ಪಡಿಯ ಮನೆಯ ಹಿಂಭಾಗ. ಹಗಲು ಕಾದ ಬಂಡೆ ಸಂಜೆಯಾದರೂ ಬಿಸಿ ಬಿಡುತ್ತಲೇ ಇರುತ್ತಿತ್ತು. ಕಿಟಕಿಯ ಪಕ್ಕ ಆತನ ಹೊಲಿಗೆ ಮಿಷನ್ನು, ಗೋಡೆಯ ಪಕ್ಕ ನನ್ನ ಚಾಪೆ. ಆತ ಮುದ್ದೆ ತೊಳಸಿದರೆ ನಾನು ಸಾರು ಮಾಡುತ್ತಿದ್ದೆ. ನಾನು ಆತನನ್ನು ಅಣ್ಣ ಅನ್ನುತ್ತಿದ್ದೆ. ಆತ ನನ್ನನ್ನು "ಲೇ ತಮ್ಮ" ಅನ್ನುತ್ತಿದ್ದ. ದುರ್ಗಕ್ಕೆ ಬಂದ ಮೊದಲ ವರ್ಷ ಮಿಲ್ಲಿನಲ್ಲಿ ನನ್ನ ಜೊತೆ ಮಾತಾಡುವವರೇ ಇರಲಿಲ್ಲ. ಭಾನುವಾರ ಬಂದರೆ ಬಸ್‌ಸ್ಟ್ಯಾಂಡಿಗೆ ಹೋಗಿ ಹಿರಿಯೂರಿನ ಬಸ್ಸು ಬರುವುದನ್ನು ನೋಡುತ್ತಾ ನಿಲ್ಲುತ್ತಿದ್ದೆ, ಸುಮ್ಮನೆ, ನಮ್ಮ ಕಡೆಯ ಯಾರಾದರೂ ಇಳಿದಾರೆಂದು. ಆ ಅಭ್ಯಾಸ ಬಿಡಿಸಿದವನು ಆತ. ಒಂದು ಮಧ್ಯಾಹ್ನ ನನ್ನ ಷರ್ಟಿಗೆ ಗುಂಡಿ ಹಾಕಿಕೊಡುತ್ತಾ, "ನಮ್ಮ ಮಾಸ್ಟರಿಗೆ ಡ್ರಮ್ ಹೊಡೆಯೋನು ಬೇಕಂತೆ, ನಿನ್ನ ಕೈ ನೋಡಿದ್ರೆ ಯಾವಾಗ್ಲೂ ಟೇಬಲ್ ಕುಟ್ತಾ ಇರ್ತೈತೆ, ಬಾ ಹೋಗಾಣ" ಅಂದ.

ನಮ್ಮ ಡ್ರಮ್ ಸೆಟ್ಟು ಯಾವುದೋ ಬ್ಯಾಂಡಿನವರು ಬಿಟ್ಟ ಹಳೆಯ ಮಾಲು. ಅದರಲ್ಲಿ ಒಂದು ಕಂಬಿಗೆ ಎರಡು ಹಿತ್ತಾಳೆ ತಟ್ಟೆ, ಮುಖಕ್ಕೆ ಮುಖ ಮಾಡಿಕೊಂಡು ಕೂತಿರುತ್ತವೆ. ಕೆಳಗೆ ಕಾಲು ಒತ್ತಿದರೆ ಮೇಲಿನದು ಇಳಿದು ಕೆಳಗಿನದಕ್ಕೆ ಬಡಿಯುತ್ತದೆ. ಒತ್ತಿಹಿಡಿದು ಕೋಲಿನಲ್ಲಿ ಹೊಡೆದರೆ ಚಿಕ್ ಅನ್ನುತ್ತದೆ, ಕಾಲು ಎತ್ತಿ ಹೊಡೆದರೆ ಜ್ಹಂ ಅಂತ ಹರಡುತ್ತದೆ. ಹೈ-ಹ್ಯಾಟ್ ಅಂತ ಅದರ ಹೆಸರು. ನಮ್ಮ ಬಾಯಲ್ಲಿ ಅದು ಕಾಲ್ತಾಳ. ಡೊಳ್ಳಿನವನಾದ ನನಗೆ ಅದು ಒಗ್ಗುವುದಕ್ಕೆ ಬಹಳ ದಿನ ಹಿಡಿಯಿತು. ಹಾಡಿನ ಉದ್ದಕ್ಕೂ ಲೆಕ್ಕ ಹಿಡಿದು ನಡೆಯುವುದು ಅದೇ, ಹಾಡುವವನ ಕಿವಿಯ ಪಕ್ಕದಲ್ಲೇ ಇರುವುದೂ ಅದೇ.

ಆ ಜೋಡಿಯಲ್ಲಿ ಮೇಲಿನ ತಟ್ಟೆ ಅಂಚಿನಲ್ಲಿ ಸೀಳಿತು. ಸೀಳು ಮುಂದೆ ಹರಿಯದಿರಲಿ ಅಂತ ಮಾಸ್ಟರು ಅದರ ತುದಿಗೆ ಒಂದು ತೂತು ಕೊರೆಸಿದರು. ಸ್ವಲ್ಪ ದಿನ ನಡೆಯಿತು. ಆಮೇಲೆ ಗಂಟಲು ಕಟ್ಟಿದವರ ಹಾಗೆ ಕೆಮ್ಮತೊಡಗಿತು. ಹೊಸ ಜೋಡಿ ತರಬೇಕು, ಬಾರಿಸುವವನೇ ಹೋಗಿ ಕೇಳಿ ಆರಿಸಿಕೊಂಡು ಬರಲಿ ಅಂತ ತೀರ್ಮಾನವಾಯಿತು. ಬೆಂಗಳೂರಿಗೆ ನಾನು ಹೋಗುವುದು.

ದರ್ಜಿಗೆ ಈ ಜೋಡಿಯ ಮೇಲೆ ನನಗಿಂತ ಹೆಚ್ಚು ಆಸೆ ಇತ್ತು. ನಮ್ಮ ಹತ್ತಿರ ಇದ್ದದ್ದು ಒಂದೇ ಒಳ್ಳೆಯ ಮೈಕು. ಅದರೊಳಗೆ ಆತನ ದನಿ ಹೋದಷ್ಟೇ ಸುಲಭವಾಗಿ ನನ್ನ ತಟ್ಟೆಯ ಸದ್ದೂ ಹೋಗುತ್ತಿತ್ತು. ಗಂಡು ದನಿಯಾದರೆ ತಟ್ಟೆಯ ಕೆಳಗೆ ನಡೆದುಹೋಗುತ್ತದೆ. ಆತನ ದನಿ ಮೇಲಿನದು, ತಟ್ಟೆ ಓಡಾಡುವ ಜಾಗದಲ್ಲೇ ಓಡಾಡುವಂಥದು. ಇದನ್ನೆಲ್ಲ ಯಾರೂ ನಮಗೆ ಹೇಳಿಕೊಟ್ಟಿರಲಿಲ್ಲ. ಒಂದು ಭಾನುವಾರ ರೂಮಿನಲ್ಲಿ ಪಾತ್ರೆಗಳ ಮುಚ್ಚಳ ಇಟ್ಟುಕೊಂಡು ನಾವೇ ಪರೀಕ್ಷೆ ಮಾಡಿದೆವು. ಆತ ಹಾಡುವುದು, ನಾನು ಒಂದೊಂದೇ ಮುಚ್ಚಳ ಬಾರಿಸುವುದು. ಅನ್ನದ ತಪ್ಪಲೆಯ ದೊಡ್ಡ ಮುಚ್ಚಳಕ್ಕೆ ಆತನ ದನಿ ಒಳಗೆ ಹೋಗಿಬಿಡುತ್ತಿತ್ತು. ಸಾರಿನ ಪಾತ್ರೆಯ ಚಿಕ್ಕ ಮುಚ್ಚಳ ಚಿಟಿಕೆ ಹಾಕಿದ ಹಾಗೆ ಸದ್ದು ಮಾಡಿ ಪಕ್ಕಕ್ಕೆ ಸರಿಯುತ್ತಿತ್ತು, ಹಾಡು ಹಾಗೇ ಎದ್ದು ನಿಲ್ಲುತ್ತಿತ್ತು. ಮನೆಯ ಯಜಮಾನಿ ಹಿತ್ತಲಿನಿಂದಲೇ ಕೇಳಿದರು: "ಏನ್ರಪ್ಪ, ಹಸಿವಾದ್ರೆ ಬಾಯಿ ಬಿಟ್ಟು ಕೇಳ್ರಿ, ಪಾತ್ರೆ ಯಾಕೆ ಬಡೀತೀರಿ."

ನಕ್ಕು ಸಾಕಾದ ಮೇಲೆ ಆತ ಕತ್ತರಿ ತೆಗೆದ. ಅಳತೆ ಟೇಪು ಹಿಡಿದು, ಕಂದು ಕಾಗದದಲ್ಲಿ ಹನ್ನೆರಡು ಇಂಚಿನ ಒಂದು ಗುಂಡು ಕತ್ತರಿಸಿದ, ಕಾಲರಿಗೆ ನಮೂನೆ ಕತ್ತರಿಸುವ ಹಾಗೆ.

"ತಗ. ಇಷ್ಟು ಅಗಲ. ಇದರ ಮೇಲೆ ಇಟ್ಟು ನೋಡು, ಹೊರಗೆ ಬಂದ್ರೆ ಬ್ಯಾಡ."

"ಅಂಗಡೀಲಿ ಇಂಚು ಹೇಳಿದ್ರೆ ಕೊಡ್ತಾರೆ ಕಣಣ್ಣ."

"ಇಂಚು ಬಾಯಲ್ಲಿ ಹೇಳಿದ್ರೆ ನಿನಗೆ ಮರ್ತು ಹೋಗ್ತೈತೆ. ಕಾಗದ ಆದ್ರೆ ಜೇಬಲ್ಲಿ ಇರ್ತೈತೆ."

ಅಷ್ಟಕ್ಕೇ ಬಿಡಲಿಲ್ಲ. ಅದೇ ಅಳತೆಗೆ ಒಂದು ಚೀಲ ಹೊಲಿದ. ಹೊರಗೆ ಖಾಕಿ, ಒಳಗೆ ತಟ್ಟೆಗೆ ಗೀರು ಬೀಳದಿರಲಿ ಅಂತ ಮೆತ್ತನೆಯ ಫ್ಲಾನೆಲ್ಲು, ಎರಡು ತಟ್ಟೆಯ ನಡುವೆ ಒಂದು ಪದರ. ಹೆಗಲಿಗೆ ಪಟ್ಟಿ. ಇನ್ನೂ ಕೊಳ್ಳದ ಸಾಮಾನಿಗೆ ಚೀಲ ಮೊದಲೇ ತಯಾರಾಯಿತು.

ಈಗ ಹೇಳಬೇಕಾದ್ದು ನಾಚಿಕೆಯ ವಿಷಯ. ಆ ದಿನಗಳಲ್ಲಿ ನನ್ನನ್ನು ಕೆಲವರು ಆಡಿಕೊಳ್ಳುತ್ತಿದ್ದರು. ಮಿಲ್ಲಿನ ಎದುರು ಮಂಡಕ್ಕಿ ಮಿರ್ಚಿ ಅಂಗಡಿ ಇತ್ತು, ಲಾರಿಯವರು, ಹಮಾಲರು ಕೂರುವ ಜಾಗ. ನಾನು ಒಬ್ಬನೇ ಹೋದರೆ ಒಬ್ಬ ಕ್ಲೀನರು ಕೇಳುತ್ತಿದ್ದ: "ಏನಪ್ಪ, ಮನೇರು ಬರಲಿಲ್ವ?" ಮತ್ತೊಬ್ಬ: "ಮನೇರು ಬಾಳ ಚೆನ್ನಾಗಿ ಹಾಡ್ತಾರೆ ಬಿಡಪ್ಪ, ನೀನು ಪುಣ್ಯ ಮಾಡಿದ್ದೆ." ಮೊದಮೊದಲು ನಾನೂ ನಕ್ಕೆ. ದರ್ಜಿಗೂ ಇಂಥವು ಬರುತ್ತಿದ್ದವು. ಆತ ತಿರುಗಿ, "ಲೇ, ನಿನಗೊಂದು ಲಂಗ ಹೊಲಿದು ಕೊಡ್ಲಾ?" ಅಂತ ಕೇಳಿ ಅವರನ್ನೇ ನಗಿಸಿ ಬರುತ್ತಿದ್ದ. ಆತನಿಗೆ ಅದು ಚರ್ಮಕ್ಕೆ ತಾಗುತ್ತಿರಲಿಲ್ಲ. ನನಗೆ ಚರ್ಮದ ಒಳಗೆ ಹೋಗುತ್ತಿತ್ತು.

ಬೆಂಗಳೂರಿಗೆ ಹೋಗುವ ವಾರವೇ ನನ್ನ ಸೋದರಮಾವ ಮಿಲ್ಲಿಗೆ ಬಂದ. ಆದಿವಾಲದ ಕಡೆ ನನಗೊಂದು ಹೆಣ್ಣು ನೋಡಿದ್ದರು. ಮಾವ ಚೀಲಗಳ ಮೇಲೆ ಕೂತು, ಕಂಬಳಿಯ ತುದಿಯಲ್ಲಿ ಮುಖ ಒರೆಸಿಕೊಂಡು, ಅತ್ತಿತ್ತ ನೋಡಿ ಮೆಲ್ಲಗೆ ಕೇಳಿದ.

"ಆ ಹೆಣ್ ದನಿಯೋನ ಜತೆ ಒಂದೇ ರೂಮಂತೆ?"

"ಹೂಂ ಮಾವ. ಅದಕ್ಕೇನಾತು?"

"ನನಗೇನೂ ಆಗಿಲ್ಲಪ್ಪ. ಹುಡುಗಿ ಕಡೇರು ಹಿರಿಯೂರಲ್ಲಿ ನಿಮ್ಮ ಹಾಡು ಕೇಳ್ಯಾರೆ. ಯಾರಂತೆ, ಏನಂತೆ ಅಂತ ನನ್ನ ಕೇಳ್ತಾರೆ. ನಾನು ಏನಂತ ಹೇಳಲಿ, ನೀನೇ ಹೇಳು."

ನಾನು ಹೇಳಬಹುದಿತ್ತು: ಅಣ್ಣ ಅಂತ ಹೇಳು ಮಾವ, ನನ್ನ ಅಣ್ಣನಂಥವನು ಅಂತ ಹೇಳು. ನಾನು ತಕ್ಕಡಿಯ ಕಡೆ ನೋಡಿಕೊಂಡು, "ಬೇರೆ ರೂಮು ನೋಡ್ತಾ ಇದ್ದೀನಿ" ಅಂದೆ. ಅದೂ ಸುಳ್ಳೇ. ಮಾವ ಸಮಾಧಾನದಿಂದ ಎದ್ದ.

ಬೆಂಗಳೂರಿನ ಆ ಅಂಗಡಿ ಒಂದು ಗಲ್ಲಿಯ ಒಳಗೆ ಇತ್ತು. ವಯಸ್ಸಾದ ಅಂಗಡಿಯವರು ಎಲ್ಲ ಅಳತೆಯವನ್ನೂ ತೆಗೆದು ಮುಂದಿಟ್ಟು, "ನೋಡ್ಕೊಳ್ಳಿ" ಅಂತ ಹೇಳಿ ಪೇಪರು ಓದತೊಡಗಿದರು. ಜೇಬಿನಿಂದ ಕಾಗದ ತೆಗೆದೆ. ಹನ್ನೆರಡರ ಮೇಲೆ ಇಟ್ಟೆ. ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ.

ಕಂಬಿಗೆ ಹಾಕಿ ಬಾರಿಸಿದೆ. ಬಾರಿಸುತ್ತಾ, ಅಂಗಡಿಯವರಿಗೆ ಕೇಳದ ಹಾಗೆ, ಆತ ಹಾಡುತ್ತಿದ್ದ ಒಂದು ಹಾಡನ್ನು ಗಂಟಲು ಸಣ್ಣ ಮಾಡಿಕೊಂಡು ಗುನುಗಿದೆ. ಚಿಕ್ಕ ಮುಚ್ಚಳದ ಹಾಗೇ. ತಟ್ಟೆ ತನ್ನಷ್ಟಕ್ಕೆ ಚಿಕ್ ಅಂದು ಸುಮ್ಮನಾಗುತ್ತಿತ್ತು, ನನ್ನಂಥವನ ಗುನುಗೂ ಅದರ ಮೇಲೆ ಸ್ಪಷ್ಟವಾಗಿ ನಿಂತಿತು. ಆತನ ದನಿಯಾದರೆ ದೀಪದ ಹಾಗೆ ನಿಲ್ಲುತ್ತಿತ್ತು. ಆಮೇಲೆ ಹದಿನೈದರ ಜೋಡಿ ಹಾಕಿದೆ. ಅದು ಭಾರ, ಕಾಲು ಎತ್ತಿದ ಕೂಡಲೇ ಬಾಯಿ ತೆರೆದು ಅಂಗಡಿಯನ್ನೆಲ್ಲ ತುಂಬಿಕೊಂಡಿತು. ಗುನುಗುತ್ತಲೇ ಇದ್ದೆ. ಗಂಟಲಲ್ಲಿ ನಡುಕ ಗೊತ್ತಾಗುತ್ತಿತ್ತು, ಕಿವಿಗೆ ಏನೂ ಬೀಳುತ್ತಿರಲಿಲ್ಲ. ನನ್ನ ಬಾಯಿಂದಲೇ ಹೊರಟ ಆ ಹೆಣ್ಣು ದನಿ ನನಗೇ ಕೇಳಲಿಲ್ಲ.

ಆಗ ನನಗೆ ಎಷ್ಟು ಹಗುರವಾಯಿತೆಂದರೆ, ಇವತ್ತಿಗೂ ಅದನ್ನು ನೆನೆದರೆ ಭಯವಾಗುತ್ತದೆ. ಆತನಿಗೆ ಕೆಟ್ಟದ್ದಾಗಲಿ ಅಂತ ನಾನು ಅಂದುಕೊಳ್ಳಲಿಲ್ಲ. ಆ ದನಿ ಕೇಳದಿದ್ದರೆ ಸಾಕು ಅಂದುಕೊಂಡೆ. ಹಿರಿಯೂರಿನಲ್ಲಿ ಆ ಹೆಣ್ಣಿನ ಕಡೆಯವರು ಮತ್ತೊಮ್ಮೆ ಬಂದು ನಿಂತರೆ ಬರೀ ತಾಳ ಕೇಳಲಿ, ಯಾರಂತೆ ಏನಂತೆ ಅಂತ ಯಾರೂ ಕೇಳದಿರಲಿ.

"ಯಾವುದು ಕಟ್ಟಲಿ?" ಅಂದರು ಅಂಗಡಿಯವರು.

"ಇದು," ಅಂದೆ.

ಹೊಲಿದು ಕೊಟ್ಟ ಚೀಲಕ್ಕೆ ಅವು ಹೋಗಲಿಲ್ಲ. ಪೇಪರು ಸುತ್ತಿ, ದಾರ ಬಿಗಿದು, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಖಾಲಿ ಚೀಲ ಹೆಗಲಿಗೆ ನೇತಾಡುತ್ತಿತ್ತು. ಕಂದು ಕಾಗದವನ್ನು ತುಮಕೂರಿನ ಹತ್ತಿರ ಕಿಟಕಿಯಿಂದ ಬಿಟ್ಟೆ.

ಮಾಸ್ಟರ ಮನೆಯ ಪಡಸಾಲೆಯಲ್ಲಿ ಪೇಪರು ಬಿಚ್ಚಿದಾಗ ಎಲ್ಲರೂ ಇದ್ದರು. ದರ್ಜಿ ಮೊದಲು ತಮಾಷೆಯೇ ಮಾಡಿದ. "ಏನಲೇ ತಮ್ಮ, ತಾಳ ತಾ ಅಂದ್ರೆ ಊಟದ ತಟ್ಟೆ ತಂದೀಯಾ?" ಆಮೇಲೆ ಕೈಯಲ್ಲಿದ್ದ ಟೇಪನ್ನು ಒಮ್ಮೆ ಅಡ್ಡ ಹಿಡಿದು ನೋಡಿ ನನ್ನ ಮುಖ ನೋಡಿದ.

"ಚಿಕ್ಕವು ಬಾರಿಸಿ ನೋಡಿದ್ಯಾ?"

"ಇರಲಿಲ್ಲಣ್ಣ. ಇವೇ ಇದ್ದದ್ದು."

ಮಾಸ್ಟರು ನಕ್ಕರು. "ಇದ್ರೂ ಇವನು ತರ್ತಿರಲಿಲ್ಲ ಬಿಡು. ಕುರಿ ಕಾಯೋರ ಮನೆ ಹುಡುಗನ್ನ ಕಳ್ಸಿದ್ರೆ ಇನ್ನೇನು ತರ್ತಾನೆ. ಹಿಂಡಿಗೆಲ್ಲಾ ಕೇಳಂಗೆ ತಂದಾನೆ."

ಅವರು ಹಾಗಂದದ್ದಕ್ಕೆ ಕಾರಣ ಇತ್ತು. ನಾನೇ ಒಮ್ಮೆ ಅವರಿಗೆ ಹೇಳಿದ್ದೆ. ಹಿಂಡಿನ ಮುಂದೆ ನಡೆಯುವ ಟಗರಿಗೆ ಗಂಟೆ ಕೊಳ್ಳುವಾಗ ನಮ್ಮಪ್ಪ ಅದರ ಅಂದ ಚಂದ ನೋಡುತ್ತಿರಲಿಲ್ಲ. ಅವ್ವನನ್ನು ಹೊಲದ ಆ ತುದಿಯ ಕಡೆಗೆ ಕಳಿಸುತ್ತಿದ್ದ. ಅಪ್ಪ ಇಲ್ಲಿ ಗಂಟೆ ಅಲ್ಲಾಡಿಸುವುದು, ಅವ್ವ ಹಿಂದಕ್ಕೆ ನಡೆಯುತ್ತಾ ಕೇಳುವವರೆಗೂ ಕೈ ಎತ್ತಿಹಿಡಿಯುವುದು. ಅವ್ವನ ಕೈ ಯಾವ ಗಂಟೆಗೆ ಎಲ್ಲಕ್ಕಿಂತ ದೂರದಲ್ಲಿ ಇಳಿಯಿತೋ ಅದೇ ಒಳ್ಳೆಯ ಗಂಟೆ. ಆ ಲೆಕ್ಕದಲ್ಲಿ ನಾನು ತಂದದ್ದು ಸರಿಯಾದ ಮಾಲೇ. ನಮ್ಮವರು ಯಾರಾದರೂ ಮಾಡಬಹುದಾದ ತಪ್ಪು ಅದು, ಎಲ್ಲರಿಗೂ ಕೂಡಲೇ ಅರ್ಥವಾಗುವ ತಪ್ಪು. ನಾನು ಅದರ ಹಿಂದೆ ಅಡಗಿ ಕೂತೆ. ನಮ್ಮಪ್ಪನ ಕಿವಿಯನ್ನು ಆಡಿಕೊಂಡು ನಕ್ಕವರ ಜೊತೆ ನಾನೂ ನಕ್ಕೆ.

ನಗದವನು ದರ್ಜಿ ಒಬ್ಬನೇ. "ಅವರಪ್ಪ ಗಂಟೆ ಕಟ್ಟೋದು ಬಯಲಿಗೆ ಸಾ. ಬಯಲಲ್ಲಿ ಅದೇ ಸರಿ. ಹುಡುಗನ್ನ ಯಾಕಂತೀರಿ ಬಿಡ್ರಿ" ಅಂದ.

ರೂಮಿಗೆ ಬಂದು ಚೀಲದ ಹೊಲಿಗೆ ಬಿಚ್ಚಿದ. ಖಾಕಿ ಬಟ್ಟೆ ಉಳಿದಿರಲಿಲ್ಲ. ಯಾರದೋ ಷರ್ಟಿನಲ್ಲಿ ಮಿಕ್ಕಿದ್ದ ನೀಲಿ ಬಟ್ಟೆಯ ಪಟ್ಟಿಯನ್ನು ಅಂಚಿನ ಸುತ್ತ ಕೂಡಿಸಿ, ಚೀಲವನ್ನು ಹದಿನೈದು ಇಂಚಿಗೆ ದೊಡ್ಡದು ಮಾಡಿದ. ಬಾಯಲ್ಲಿ ಸೂಜಿ ಕಚ್ಚಿಕೊಂಡಿದ್ದ.

ಅವುಗಳ ಮೊದಲ ಕಾರ್ಯಕ್ರಮ ಹೊಸದುರ್ಗದಲ್ಲಿ, ಒಂದು ಮದುವೆಯ ಆರತಕ್ಷತೆ. ಇನ್ನೂ ಬಿಸಿಲಿತ್ತು. ತಗಡಿನ ಚಪ್ಪರ, ಕೆಳಗೆ ಜಮಖಾನ. ಆತ ಮೊದಲ ಹೆಣ್ಣಿನ ಹಾಡು ಎತ್ತಿದಾಗ ಹೆಂಗಸರು ಯಾರೂ ಎದ್ದು ಹುಡುಕಲಿಲ್ಲ. ತಗಡಿಗೆ ಬಡಿದು ವಾಪಸ್ಸು ಬರುತ್ತಿದ್ದ ತಾಳದಲ್ಲಿ ಅಲ್ಲೊಂದು ಪದ ಇಲ್ಲೊಂದು ಪದ ತೇಲುತ್ತಿತ್ತು. ಚರಣದ ನಡುವೆ ಆತ ತಿರುಗಿ ನನ್ನ ಕಾಲನ್ನು ನೋಡಿದ. ಮುಖವನ್ನಲ್ಲ. ಹಾಡು ಮುಗಿದ ಮೇಲೆ ಬಗ್ಗಿ, "ಸ್ವಲ್ಪ ಹಗುರ ಹೊಡಿಯಪ್ಪ" ಅಂದ. ಒಂದು ಹಾಡಿಗೆ ಹಗುರವಾಗಿ ಹೊಡೆದೆ. ಮುಂದಿನದಕ್ಕೆ ಮರೆತವನ ಹಾಗೆ ಮಾಡಿದೆ.

ಮುಂದಿನ ತಿಂಗಳುಗಳಲ್ಲಿ ಆತ ಏನೇನೋ ಮಾಡಿ ನೋಡಿದ. ಡ್ರಮ್ಮನ್ನು ಹಿಂದಕ್ಕೆ ಸರಿಸಿದ. ಮೈಕನ್ನು ತುಟಿಗೇ ತಾಗಿಸಿಕೊಂಡ. ತಟ್ಟೆಯ ಒಳಗೆ ಫ್ಲಾನೆಲ್ಲಿನ ಚೂರು ಅಂಟಿಸಿ ನೋಡಿದ. ಕಾರ್ಯಕ್ರಮಕ್ಕೆ ಮೊದಲು ನಾನು ಅದನ್ನು ಕಿತ್ತುಹಾಕಿದೆ, ಬಿದ್ದುಹೋಯಿತು ಅಂದೆ. ಕೊನೆಗೆ ಆತ ದನಿ ಎತ್ತತೊಡಗಿದ. ಆ ದನಿ ಎತ್ತುವುದಕ್ಕೆ ಆಗುವಂಥದಲ್ಲ. ಹಿರಿಯೂರಿನಲ್ಲಿ, ಗಣಪತಿ ಪೆಂಡಾಲಿನಲ್ಲಿ, ಮೇಲಿನ ಸ್ವರಕ್ಕೆ ಹೋಗುವಾಗ ಅದು ಒಡೆಯಿತು. ಹೆಣ್ಣು ದನಿ ಹರಿದು ಒಳಗಿನಿಂದ ಮೀಸೆಯ ಗಂಡಸು ಹೊರಗೆ ಬಂದ. ಜನ ನಕ್ಕರು. ಜನಕ್ಕೆ ಅದು ತಮಾಷೆಯೇ, ಅವರ ಮೇಲೆ ನಾನು ತಪ್ಪು ಹೊರಿಸುವುದಿಲ್ಲ. ಆತ ನಿಲ್ಲಿಸಲಿಲ್ಲ, ಹಾಡನ್ನು ಕೊನೆಯವರೆಗೂ ಹಾಡಿ ಮೈಕನ್ನು ಅದರ ಜಾಗದಲ್ಲಿಟ್ಟು ಬಂದು ಕೂತ. ನಾನು ತಾಳ ಹಾಕುತ್ತಲೇ ಇದ್ದೆ.

"ಹೆಣ್ಣಿನ ಹಾಡು ಸದ್ಯಕ್ಕೆ ಬಿಟ್ಟುಬಿಡಾಣ," ಅಂದರು ಮಾಸ್ಟರು, ವಾಪಸ್ಸು ಬರುವಾಗ.

"ಆಯ್ತು ಸಾ," ಅಂದ ಆತ.

ಆಮೇಲೆ ಆತ ನಮ್ಮ ಜೊತೆ ಬರಲಿಲ್ಲ. ಹೊಲಿಗೆ ಜಾಸ್ತಿ ಐತೆ ಅನ್ನುತ್ತಿದ್ದ. ರೂಮಿನಲ್ಲಿ ಮುದ್ದೆ ತೊಳಸುವಾಗ ಗುನುಗುತ್ತಿದ್ದವನು ಅದನ್ನೂ ನಿಲ್ಲಿಸಿದ. ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಮಿಲ್ಲಿನಿಂದ ಬಂದರೆ ಕಿಟಕಿಯ ಪಕ್ಕ ಮಿಷನ್ನು ಇರಲಿಲ್ಲ. ನೆಲದಲ್ಲಿ ಅದರ ಕಾಲಿನ ಗುರುತು, ಸಂದಿಯಲ್ಲಿ ಸೇರಿಕೊಂಡ ದಾರದ ಚೂರು. "ಹೊಳಲ್ಕೆರೇಲಿ ಅಂಗಡಿ ಹಾಕ್ತಾನಂತೆ, ನಿಂಗೆ ಹೇಳಿಲ್ವ?" ಅಂದರು ಮನೆಯ ಯಜಮಾನಿ. ನನ್ನ ಪಾಲಿನ ಹಿಟ್ಟನ್ನು ಡಬ್ಬದಲ್ಲಿ ಹಾಕಿ ಮುಚ್ಚಳ ಬಿಗಿದು ಹೋಗಿದ್ದ. ತಾಳದ ಚೀಲ ಗೂಟಕ್ಕೆ ನೇತಾಡುತ್ತಿತ್ತು.

ಮಂಡಕ್ಕಿ ಅಂಗಡಿಯಲ್ಲಿ ಮನೇರು ಅನ್ನುವುದು ನಿಂತುಹೋಯಿತು. ಬೇಕಾಗಿದ್ದು ಅದೇ. ನಿಂತ ಮೇಲೆ ಅಲ್ಲಿ ನನ್ನನ್ನು ಯಾರೂ ಏನೂ ಅನ್ನಲಿಲ್ಲ. ನಾನು ಹೋಗುವುದು, ತಿನ್ನುವುದು, ಬರುವುದು. ಆದಿವಾಲದ ಹೆಣ್ಣನ್ನು ಅವರು ನೀರಾವರಿ ಜಮೀನು ಇದ್ದವರಿಗೆ ಕೊಟ್ಟರು. ಅದಕ್ಕೂ ನನ್ನ ತಾಳಕ್ಕೂ ಸಂಬಂಧವೇ ಇರಲಿಲ್ಲ. ಭಾನುವಾರಗಳು ಮತ್ತೆ ಉದ್ದವಾದವು. ರೂಮಿನಲ್ಲಿ ಒಬ್ಬನೇ ಕೂತು ಚಿಕ್ಕ ಮುಚ್ಚಳ ತೆಗೆದು ಚಮಚದಲ್ಲಿ ಬಾರಿಸುತ್ತಿದ್ದೆ. ಅದು ಚಿಟಿಕೆ ಹಾಕಿದ ಹಾಗೆ ಸದ್ದು ಮಾಡಿ ಪಕ್ಕಕ್ಕೆ ಸರಿಯುತ್ತಿತ್ತು. ಸರಿದ ಜಾಗ ಖಾಲಿ ಇರುತ್ತಿತ್ತು. ಹಿತ್ತಲಿನಿಂದ ಯಾರೂ ಕೇಳುತ್ತಿರಲಿಲ್ಲ. ಕೆಲವು ಭಾನುವಾರ ಮತ್ತೆ ಬಸ್‌ಸ್ಟ್ಯಾಂಡಿಗೆ ಹೋಗಿದ್ದುಂಟು. ಈ ಸಲ ನಿಂತದ್ದು ಹಿರಿಯೂರಿನ ಬಸ್ಸಿಗಲ್ಲ, ಹೊಳಲ್ಕೆರೆಯ ಬಸ್ಸಿಗೆ.

ಎರಡು ಮೂರು ವರ್ಷ ಕಳೆಯಿತು. ಮಾಸ್ಟರಿಗೆ ವರ್ಗವಾಗಿ ಆರ್ಕೆಸ್ಟ್ರಾ ಚೆದುರಿತು. ಡ್ರಮ್ ಸೆಟ್ಟು ನನ್ನ ರೂಮಿಗೆ ಬಂತು. ಮಿಲ್ಲಿನ ಕೆಲಸದ ಮೇಲೆ ಬೆಂಗಳೂರಿಗೆ ಹೋದಾಗ ಅದೇ ಗಲ್ಲಿಗೆ ಹೋಗಿ ಹನ್ನೆರಡು ಇಂಚಿನ ಜೋಡಿ ತಂದೆ. ಬಾರಿಸುವುದಕ್ಕೆ ಆರ್ಕೆಸ್ಟ್ರಾವೇ ಇರಲಿಲ್ಲ. ಆದರೂ ತಂದೆ. ಆತನಿಗೆ ತೋರಿಸಬೇಕು, ತೋರಿಸುತ್ತಾ ಹೇಳಿಬಿಡಬೇಕು ಅಂತ.

ಹಳೆಯ ಚೀಲಕ್ಕೆ ಅವನ್ನು ಹಾಕಿಕೊಂಡು, ಮಾತು ಕಟ್ಟಿಕೊಳ್ಳುವುದಕ್ಕೆ ಹೊತ್ತು ಸಿಗಲಿ ಅಂತ ನೇರ ಬಸ್ಸು ಬಿಟ್ಟು ಬೆಳಗಿನ ರೈಲು ಹಿಡಿದೆ. ದೊಡ್ಡ ಚೀಲದಲ್ಲಿ ಚಿಕ್ಕ ತಟ್ಟೆಗಳು ಅತ್ತಿತ್ತ ಓಡಾಡಿ, ಚಿಕ್ಕಜಾಜೂರಿನವರೆಗೂ ಗಲಗಲ ಅಂದವು. ಎದುರಿನ ಸೀಟಿನ ಅಜ್ಜಿ, "ಅಡಿಗೆ ಪಾತ್ರೆಯೇನಪ್ಪ?" ಅಂತ ಕೇಳಿದಳು. ಹೂಂ ಅಂದೆ. ಅಲ್ಲಿಂದ ಬಸ್ಸಿನಲ್ಲಿ ಹೊಳಲ್ಕೆರೆ.

ಅಂಗಡಿ ಚಿಕ್ಕದು, ಒಂದು ಬಾಗಿಲಿನದು. ಆತ ತಲೆ ಬಗ್ಗಿಸಿ ಮಿಷನ್ನು ತುಳಿಯುತ್ತಿದ್ದ. ಮೀಸೆ ತೆಗೆದಿದ್ದ. ನನ್ನ ನೆರಳು ಬಟ್ಟೆಯ ಮೇಲೆ ಬಿದ್ದಾಗ ತಲೆ ಎತ್ತಿದ. ಮುಖದಲ್ಲಿ ಮೊದಲು ಸಂತೋಷವೇ ಬಂತು, ಅದನ್ನು ನಾನು ಕಂಡೆ. ಆಮೇಲೆ ಅದನ್ನು ಮಡಚಿ ಒಳಗಿಟ್ಟ.

"ಬರ್ರಿ, ಕುಂತ್ಕಳ್ರಿ," ಅಂದ. ಗಿರಾಕಿಗೆ ಹೇಳುವ ಹಾಗೆ.

ಕುಂತೆ. ಟೀ ತರಿಸಿದ. ಮಾಸ್ಟರು ಹೇಗಿದ್ದಾರೆ, ಮಿಲ್ಲು ನಡೀತೈತಾ, ಅಪ್ಪ ಅವ್ವ ಆರೋಗ್ಯನಾ ಅಂತೆಲ್ಲ ಕೇಳಿದ. ಹೇಳಿದೆ. ಚೀಲದಿಂದ ತಟ್ಟೆಗಳನ್ನು ತೆಗೆದು ಕತ್ತರಿಸುವ ಮೇಜಿನ ಮೇಲಿಟ್ಟೆ. ಆತ ಕುತ್ತಿಗೆಯಲ್ಲಿದ್ದ ಟೇಪು ತೆಗೆಯಲಿಲ್ಲ. ಬರೀ ಗೇಣು ಹಾಕಿ ನೋಡಿದ.

"ಹನ್ನೆರಡು."

"ಹೂಂ."

"ಅದೇ ಅಂಗಡಿಯಾ?"

"ಅದೇ."

ಆತ ಮೇಲಿನ ತಟ್ಟೆಯನ್ನು ಬೆರಳಿನ ಗಿಣ್ಣಿನಿಂದ ತಟ್ಟಿದ, ಕಿವಿಗೆ ಹಿಡಿದು ಅದು ನಿಲ್ಲುವವರೆಗೂ ಕೇಳಿದ. ಬೇಗ ನಿಂತಿತು. ಕಣ್ಣು ತಟ್ಟೆಯ ಮೇಲೇ ಇಟ್ಟುಕೊಂಡು, ನಿಧಾನವಾಗಿ, ನನಗೆ ಬಾಗಿಲು ತೆಗೆದು ಕೊಡುವವನ ಹಾಗೆ ಹೇಳಿದ:

"ಈಗ ಬರ್ತವೆ ಕಾಣ್ತದೆ, ಚಿಕ್ಕವು. ಆಗ ಇರಲಿಲ್ಲ, ಅಲ್ವ?"

ಬೆಳಗಿನಿಂದ ರೈಲಿನಲ್ಲಿ ನಾನು ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಬಾಯಲ್ಲೇ ಇತ್ತು. ಇಲ್ಲಣ್ಣ, ಇದ್ದವು, ನಿನ್ನ ಕಾಗದ ಇಟ್ಟು ನೋಡಿದೆ, ಸರಿಯಾಗಿ ಕೂತವು. ಅಷ್ಟೇ ಹೇಳಬೇಕಾಗಿತ್ತು. ಆತ ಕಾಯುತ್ತಿದ್ದ. ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.

"ಇರಲಿಲ್ಲ," ಅಂದೆ. "ಆಗ ದೊಡ್ಡವೇ ಇದ್ದದ್ದು."

"ಹಂಗಾದ್ರೆ ಸರಿ ಬಿಡ್ರಿ," ಅಂದ.

ಆಮೇಲೆ ಚೀಲವನ್ನು ಹತ್ತಿರ ಎಳೆದುಕೊಂಡು, ಕೇಳದೆಯೇ, ಬ್ಲೇಡಿನಲ್ಲಿ ನೀಲಿ ಪಟ್ಟಿಯ ಹೊಲಿಗೆ ಬಿಚ್ಚತೊಡಗಿದ. ತನ್ನ ಕೈಯ ಹೊಲಿಗೆಯಾದ್ದರಿಂದ ಎಲ್ಲಿ ಗಂಟು ಇದೆ ಅಂತ ಹುಡುಕಬೇಕಾಗಲಿಲ್ಲ. ಪಟ್ಟಿಯನ್ನು ತೆಗೆದು ಪಕ್ಕಕ್ಕಿಟ್ಟು, ಖಾಕಿಗೆ ಖಾಕಿ ಸೇರಿಸಿ, ಮೊದಲಿದ್ದ ಅಳತೆಗೆ ಮಿಷನ್ನಿಗೆ ಕೊಟ್ಟ. ಮಿಷನ್ನಿನ ಸದ್ದು ಒಂದೇ ಸಮನೆ ಹೋಗುತ್ತಿತ್ತು. ಅದರ ಮೇಲೆ ಆತ ಗುನುಗುತ್ತಾನೇನೋ ಅಂತ ಕಾದೆ.

"ಈಗ ಹಾಡಲ್ವ?" ಅಂತ ಕೇಳಿದೆ.

"ಇಲ್ರೀ. ಇದ್ರ ಸದ್ದೇ ಸಾಕಾಗ್ತೈತೆ."

ತಟ್ಟೆಗಳನ್ನು ಆತನೇ ಒಳಗಿಟ್ಟು, ಗುಂಡಿ ಹಾಕಿ, ಚೀಲವನ್ನು ನನ್ನ ಹೆಗಲಿಗೆ ತಗುಲಿಸಿದ. ಪಟ್ಟಿ ತಿರುಚಿಕೊಂಡಿತ್ತು, ಅದನ್ನು ನೇರ ಮಾಡಿದ. ಬಾಗಿಲವರೆಗೂ ಬಂದ.

ಚಿಕ್ಕಜಾಜೂರಿಗೆ ವಾಪಸ್ಸು ಬಂದಾಗ ದುರ್ಗದ ರೈಲು ನಿಂತಿತ್ತು, ಆಚೆ ಕಡೆಯ ಗಾಡಿ ಬರುವವರೆಗೂ ಹೊರಡುವುದಿಲ್ಲ ಅಂದರು. ಸ್ಟೇಷನ್ನಿನ ಹೊರಗೆ ಹೊಳಲ್ಕೆರೆಯ ಬಸ್ಸೊಂದು ಇಂಜಿನ್ನು ಚಾಲೂ ಇಟ್ಟುಕೊಂಡು ಜನರನ್ನು ಕರೆಯುತ್ತಿತ್ತು. ನಾನು ಬೆಂಚಿನ ಮೇಲೆ ಕೂತಿದ್ದೆ. ಬಸ್ಸು ಬಹಳ ಹೊತ್ತು ಕರೆಯಿತು. ಆಮೇಲೆ ಹೋಯಿತು.

ರೈಲು ಹೊರಟ ಮೇಲೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡೆ. ಗಾಡಿ ಎಷ್ಟು ಕುಲುಕಿದರೂ ಒಳಗಿನಿಂದ ಸದ್ದು ಬರಲಿಲ್ಲ. ಆತ ಮೊದಲೇ ಹೇಳಿದ್ದ ಅಳತೆ ಅದು, ತಟ್ಟೆಗಳು ಅಲ್ಲಾಡದೆ ಕೂತಿದ್ದವು. ಆ ಜೋಡಿಯನ್ನು ನಾನು ಯಾವ ಹಾಡಿಗೂ ಬಾರಿಸಲಿಲ್ಲ.